ತಾಮ್ರ ಸತುವನ್ನು ಸೇರಿದರೆ ಏನೆಲ್ಲ ಬಣ್ಣ!

ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ಕಲಾಯಿ ಹಾಕುವವರ ನೆನಪಿದ್ದೀತು. ಕಾದ ತಾಮ್ರದ ಪಾತ್ರೆಗೆ ಚಿಟಿಕೆ ನವಸಾಗರ ಬಿದ್ದರೆ ಬುಸ್ಸೆಂದು ಬಿಳಿ ಹೊಗೆ. ಕರಗಿದ ತವರವನ್ನು ಹತ್ತಿಯಿಂದ ಒರೆಸಿದ್ದೇ ತಡ, ಒಳಮೈಯೆಲ್ಲ ಬೆಳ್ಳಿ! 232 ಡಿಗ್ರಿಗೇ ಕರಗುವ ತವರ ಮಾಡುವ ಮಾಯೆ ಅದು.

ತಾಮ್ರಕ್ಕೆ ಚಿನ್ನದ ವೇಷವೂ ಗೊತ್ತು. ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸತುವಿನ ಪುಡಿಗೆ ತಾಗುವಂತೆ ತಾಮ್ರದ ಬಿಲ್ಲೆಯನ್ನಿಟ್ಟರೆ ಅದು ಬೆಳ್ಳಗಾಗುತ್ತದೆ. ತೊಳೆದು ಬರ್ನರ್ ಉರಿಗೆ ಹಿಡಿಯಿರಿ: ಕೆಲವೇ ಕ್ಷಣಗಳಲ್ಲಿ ಹೊನ್ನು! ಮೇಲೆ ಕೂತ ಸತು ತಾಮ್ರದೊಳಕ್ಕೆ ಇಳಿದು ಹಿತ್ತಾಳೆಯಾಗಿದೆ, ಅಷ್ಟೇ. (ಕಾಸ್ಟಿಕ್ ಸೋಡಾ ಕಣ್ಣು ಸುಡುತ್ತದೆ, ಇದು ಲ್ಯಾಬಿನಲ್ಲೇ ನಡೆಯಬೇಕಾದ ಪ್ರಯೋಗ, ಅಡುಗೆಮನೆಯಲ್ಲಲ್ಲ.)

ಈಗ ಅದೇ ಜೋಡಿಯನ್ನು ತಿರುಗಿಸಿ. ತಾಮ್ರದ ಮೇಲೆ ಸತುವಲ್ಲ, ಸತುವಿನೊಳಗೆ ತಾಮ್ರ. ಸುಮಾರು 16 ಪಾಲಿಗೆ ಒಂದು ಪಾಲು. ಬೀದರಿನ ಬಿದ್ರಿ ಕಲೆ ಹುಟ್ಟುವುದು ಇಲ್ಲಿ! ಅಚ್ಚಿನಿಂದ ಬಂದ ಹೂಜಿ ಮಂಕು ಬೂದಿ ಬಣ್ಣದ್ದು. ಅದನ್ನು ಉಜ್ಜಿ ಮೈಲುತುತ್ತದ ನೀರು ಸವರುತ್ತಾರೆ. ಹೌದು, ನಮ್ಮ ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತ! ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಬರೆದ ಗೆರೆ ಎದ್ದು ಕಾಣುತ್ತದೆ. ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಮತ್ತೆ ಉಜ್ಜುತ್ತಾರೆ. ಆಗ ಬೂದಿಯ ಮೇಲೆ ಬಿಳುಪು. ಚಿತ್ತಾರ ಕಂಡೂ ಕಾಣದಂತೆ ಇರುತ್ತದೆ.

ಅಸಲಿ ಪವಾಡ ಆಮೇಲೆ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿಯಾದ ಪಾತ್ರೆಗೆ ಹಚ್ಚಿ ತೊಳೆದರೆ ಮೈಯೆಲ್ಲ ಗಾಢ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಫಳಫಳ! ಎಂಥ ಜಾಣ ಮಣ್ಣು ಎನ್ನಿಸುತ್ತದೆ. ಜಾಣತನದಲ್ಲಿ ತಾಮ್ರದ ಪಾಲೂ ದೊಡ್ಡದು. ಮೇಲ್ಮೈಯ ಸತು ಕರಗಿಹೋಗುತ್ತದೆ, ಉಳಿದ ತಾಮ್ರ ಆ ಕಪ್ಪು ಪದರವಾಗುತ್ತದೆ. ಅಪ್ಪಟ ಸತುವಿಗೆ ಎಷ್ಟೇ ಮೆತ್ತಿದರೂ ಈ ಕಪ್ಪು ಬರದು. ಹದಿನಾರಕ್ಕೊಂದು ಪಾಲಿನ ಆ ಪುಟ್ಟ ತಾಮ್ರವೇ ಇಡೀ ಬಿದ್ರಿಯ ಬಣ್ಣ ಎಂದರೆ ನಂಬುವುದು ಹೇಗೆ!

2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರಲ್ಲಿ ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇನ್ನು ಆ ಜಾಣ ಮಣ್ಣಿನ ಮಾತು: ಕೋಟೆಯೊಳಗೆ ಮಳೆ, ಬಿಸಿಲು ಕಾಣದ ಮೂಲೆಗಳ ಮಣ್ಣೇ ಒಳ್ಳೆಯದು ಎಂಬುದು ಕುಶಲಕರ್ಮಿಗಳ ನಂಬಿಕೆ. ಅದು ಕೆಲಸಕ್ಕೆ ಬಂದೀತೇ ಎಂಬುದನ್ನು ಅವರು ನಾಲಿಗೆಗೆ ಹಚ್ಚಿಕೊಂಡು, ರುಚಿಯಿಂದಲೇ ತೀರ್ಮಾನಿಸುತ್ತಾರೆ!