ಕೀಲಿ ತಿರುಗಿಸಿದರೆ ‘ಟಕ್’, ಎಂಜಿನ್ ಮಾತ್ರ ಅಲುಗದು!

ಮಂಜೇಶ್ವರ: ಕೇರಳದ 52 ದಿನಗಳ ಟ್ರಾಲಿಂಗ್ ನಿಷೇಧ ಜುಲೈ 31ರ ಮಧ್ಯರಾತ್ರಿಗೆ ಮುಗಿಯುತ್ತದೆ. ಬೋಟಿಗೆ ಬಣ್ಣ ಬಳಿದಾಗಿದೆ, ಬಲೆ ಸರಿಪಡಿಸಿದ್ದಾಗಿದೆ, ಐಸು-ಡೀಸೆಲ್ ತುಂಬಿದ್ದೂ ಆಯಿತು. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ‘ಸೆಲ್ಫ್ ಎತ್ತುವುದಿಲ್ಲ ಮಾರಾಯ್ರೇ!’ ಒಂದು ದಿನ ತಪ್ಪಿದರೆ ಐಸು ಕರಗುತ್ತದೆ, ಕಲಾಸಿಗಳ ಕೂಲಿ ಮೈಮೇಲೆ ಬೀಳುತ್ತದೆ.

ಇಂಥ ಹೊತ್ತಿನಲ್ಲಿ ಹಲವರು ಮೊದಲು ಮಾಡುವ ಕೆಲಸ ಸ್ಟಾರ್ಟರ್ ಬಿಚ್ಚಿ ಮಂಗಳೂರಿಗೆ ಓಡುವುದು. ಆದರೆ ದೋಷ ಹೆಚ್ಚಾಗಿ ಇರುವುದು ಸ್ಟಾರ್ಟರಿನಲ್ಲಲ್ಲ, ಬ್ಯಾಟರಿ ಮತ್ತು ಅದರ ವಯರುಗಳಲ್ಲಿ. ಮಳೆಗಾಲದ ತೇವ, ಉಪ್ಪುಗಾಳಿ ಎರಡೂ ಸೇರಿ ಟರ್ಮಿನಲ್‌ಗಳಿಗೆ ಕಿಲುಬು ಹಿಡಿಸುತ್ತವೆ. ಚಾರ್ಜ್ ಮಾಡದೆ ಬಿಟ್ಟ ಬ್ಯಾಟರಿ ತಾನಾಗಿಯೇ ಇಳಿದಿರುತ್ತದೆ.

ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಮೇನ್ ಸ್ವಿಚ್ ಹಾಕಿದೆಯೇ ನೋಡಿ. ಆಮೇಲೆ ಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎಂದೇ ಲೆಕ್ಕ. 24 ವೋಲ್ಟಿನ ಬೋಟಿಗೆ ಇವೆಲ್ಲ ಇಮ್ಮಡಿ.

<b>ಸದ್ದೇ ಸುಳಿವು</b>

‘ಕಟಕಟಕಟ’ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ‘ಟಕ್’ ಆದರೆ ಬ್ಯಾಟರಿ, ಅರ್ತ್ ವಯರ್ ನೋಡಿ. ಅವು ಸರಿಯಿದ್ದರೆ ಸೊಲೆನಾಯ್ಡ್ ಅಥವಾ ಸ್ಟಾರ್ಟರಿನ ಕಾರ್ಬನ್ ಸವೆದಿರಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕೀಲಿ ಸ್ವಿಚ್ ಮತ್ತು ಸೊಲೆನಾಯ್ಡ್‌ಗೆ ಹೋಗುವ ಸಣ್ಣ ವಯರ್ ಪರೀಕ್ಷಿಸಿ. ಸ್ಟಾರ್ಟರ್ ‘ಗಿರ್ರ್’ ಎಂದು ಸುತ್ತಿ ಎಂಜಿನ್ ತಿರುಗದಿದ್ದರೆ ಬೆಂಡಿಕ್ಸ್ ಹಲ್ಲು ಕಚ್ಚುತ್ತಿಲ್ಲ.

ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಮರಳು ಕಾಗದದಿಂದ ಹೊಳೆಯುವಂತೆ ತಿಕ್ಕಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಅರ್ತ್ ವಯರಿನ ತುದಿಯನ್ನು ಮರೆಯಬೇಡಿ. ಎಂಜಿನ್ನಿಗೆ ತಾಗುವ ಜಾಗದಲ್ಲೇ ತುಕ್ಕು ಅಡಗಿರುತ್ತದೆ.

<b>ಹಟ ಬೇಡ</b>

ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಒಂದು ನಿಮಿಷ ತಣಿಯಲು ಬಿಡಿ. ಬ್ಯಾಟರಿ, ವಯರ್ ಎಲ್ಲ ಸರಿಯಿದ್ದೂ ಎಂಜಿನ್ ಬಿಗಿದು ನಿಂತಿದ್ದರೆ ಸಿಲಿಂಡರಿಗೆ ನೀರು ನುಗ್ಗಿರುವ ಸಾಧ್ಯತೆಯಿದೆ. ಆಗ ಒತ್ತಾಯ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾವಿರದ ಕೆಲಸ ಲಕ್ಷಕ್ಕೆ ಮುಟ್ಟುತ್ತದೆ. ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಿ; ತಿರುಗದಿದ್ದರೆ ಮೆಕ್ಯಾನಿಕ್ ಬಂದು ಇಂಜೆಕ್ಟರ್ ಬಿಚ್ಚಲಿ.

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಅದರ ಬಳಿ ಬೀಡಿ, ಬೆಂಕಿಕಡ್ಡಿ ಬೇಡ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವ ಸಾಹಸವೂ ಬೇಡ.

ದಡದಲ್ಲಿ ಸೆಲ್ಫ್ ಕೈಕೊಟ್ಟರೆ ನಷ್ಟ ದುಡ್ಡಿನದು. ಅಳಿವೆ ದಾಟುವಾಗ ಎಂಜಿನ್ ನಿಂತು ಮತ್ತೆ ಹೊಡೆಯದಿದ್ದರೆ ಅಲೆ ಬೋಟನ್ನು ಕಲ್ಲಿನತ್ತ ತಳ್ಳುತ್ತದೆ, ಪ್ರಶ್ನೆ ಜೀವದ್ದಾಗುತ್ತದೆ. ಕಡಲಲ್ಲಿ ಹಾಗಾದರೆ ತಾಂಡೇಲರು ತಡಮಾಡದೆ ಲಂಗರು ಹಾಕಿಸಲಿ, ಎಲ್ಲರೂ ಲೈಫ್ ಜಾಕೆಟ್ ತೊಡಲಿ. ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಕರೆಯಿರಿ, ಇಲ್ಲವೇ ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093 ಸಂಖ್ಯೆಗೆ ತಿಳಿಸಿ.

ನಿಷೇಧದ ದಿನಗಳಲ್ಲಿ ವಾರಕ್ಕೊಮ್ಮೆ ಬ್ಯಾಟರಿ ನೋಡಿ, ತಿಂಗಳಿಗೊಮ್ಮೆಯಾದರೂ ಚಾರ್ಜಿಗೆ ಹಾಕಿ. ಬಲೆಗೆ ಕೊಡುವ ಗಮನದಲ್ಲಿ ಸ್ವಲ್ಪ ಇದಕ್ಕೂ ಕೊಟ್ಟರೆ ಆಗಸ್ಟ್ 1ರಂದು ಕೀಲಿ ತಿರುಗಿಸುವಾಗ ಎದೆ ಢವಗುಟ್ಟಬೇಕಾಗಿಲ್ಲ.