ಕುಣಿಗಲ್ ತೋಟದಲ್ಲಿ ನಿಂತ ಸ್ಟಾರ್ಮ್: ಬಿಡಿಭಾಗಕ್ಕೆಂದು ಕೊಳ್ಳಬಹುದೇ?

"ಮಾಮ, ಒಂದು ಕಾರು ನೋಡ್ಲಿಕ್ಕೆ ಉಂಟು. ನೀವು ಒಮ್ಮೆ ಬರ್ಬೇಕು" ಎಂದು ಅಕ್ಕನ ಮಗ ತುಮಕೂರಿನಿಂದ ಫೋನ್ ಮಾಡಿದ. ಓಡ್ತದಾ ಎಂದು ಕೇಳಿದೆ. "ಇಲ್ಲ. ಓಡಿಸ್ಲಿಕ್ಕೆ ಅಲ್ಲ, ಕಳಚ್ಲಿಕ್ಕೆ" ಅಂದ.

ಅವನಿಗೆ ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಸಣ್ಣದೊಂದು ಗ್ಯಾರೇಜ್ ಇದೆ. ನಾನು ಮಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಸ್ಪೇರ್ ಪಾರ್ಟ್ಸ್ ಅಂಗಡಿಯ ಗಲ್ಲದಲ್ಲಿ ಕೂತವನು. ಕಾರು ರಿಪೇರಿ ಮಾಡಲು ನನಗೆ ಬರುವುದಿಲ್ಲ. ಯಾವ ಸಾಮಾನು ಎಷ್ಟು ವರ್ಷ ಶೆಲ್ಫಿನಲ್ಲಿ ಧೂಳು ತಿನ್ನುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ.

ವಿಷಯ ಇಷ್ಟು. ಗುಬ್ಬಿಯ ತೆಂಗಿನ ತೋಟದ ಮಾಲೀಕರೊಬ್ಬರ ಹತ್ತಿರ ಸ್ಯಾನ್ ಸ್ಟಾರ್ಮ್ ಕಾರು ಇದೆ. ಇಂದಿನ ಹುಡುಗರಿಗೆ ಹೆಸರೇ ಹೊಸದಿರಬಹುದು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ಗೋವಾದಲ್ಲಿ ತಯಾರಿಸಿದ ಎರಡೇ ಸೀಟಿನ, ಮೇಲ್ಚಾವಣಿ ತೆರೆಯುವ ಕಾರು ಇದು. ಬಾಡಿ ಪೂರ್ತಿ ಫೈಬರ್, ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ. ನೋಡಲು ಸ್ಪೋರ್ಟ್ಸ್ ಕಾರು, ಶಕ್ತಿ ಸುಮಾರು 60 ಕುದುರೆಯದ್ದು. ರಸ್ತೆಯಲ್ಲಿ ಹೋದರೆ ಶಾಲೆ ಮಕ್ಕಳು ಕೂಗುತ್ತಿದ್ದರು, ಆದರೆ ಕೊಂಡವರು ಬಹಳ ಕಡಿಮೆ. ಹೀಗಾಗಿ ಇವತ್ತು ಅದರ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ.

ಗುಬ್ಬಿಯ ಕಾರಿನ ಮುಂದಿನ ಗಾಜು ಒಡೆದು ಎರಡು ವರ್ಷವಾಗಿದೆ. ಬಲಬಾಗಿಲಿಗೆ ಟ್ರ್ಯಾಕ್ಟರ್ ತಾಗಿದೆ. ಐದನೇ ಗೇರ್ ಹಾಕಿದರೆ ತಾನಾಗಿ ಹೊರಗೆ ಬರುತ್ತದೆ. "ಗಾಜೊಂದು ಸಿಕ್ಕಿದ್ರೆ ಸಾಕು ಕಣ್ ಸಾಬ್ರೆ, ದುಡ್ಡಿನ ಮಾತು ಆಮ್ಯಾಕೆ" ಎನ್ನುತ್ತಿದ್ದರು ಆ ಯಜಮಾನರು. ಅಷ್ಟರಲ್ಲಿ ಕುಣಿಗಲ್‌ನಲ್ಲಿ ಇನ್ನೊಂದು ಸ್ಟಾರ್ಮ್ ಇದೆ, ವರ್ಷಗಟ್ಟಲೆಯಿಂದ ನಿಂತಿದೆ ಎಂಬ ಸುದ್ದಿ ಬಂತು. ಅದೂ ನಮ್ಮವರದ್ದೇ ಮನೆಯಲ್ಲಿ.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ಕುಣಿಗಲ್ ಹೊಸ ಊರೇನಲ್ಲ. ಶಿರಾಡಿ ಘಾಟಿ ಹತ್ತಿ, ಹಾಸನ, ಚನ್ನರಾಯಪಟ್ಟಣ ದಾಟಿದ ಮೇಲೆ ಬರುವ ಊರು. ಅಲ್ಲಿ ಬೇಕರಿ ಇಟ್ಟುಕೊಂಡಿದ್ದ, ಉಪ್ಪಿನಂಗಡಿ ಕಡೆಯ ಒಬ್ಬರು ಬೆಂಗಳೂರಿನಿಂದ ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದರಂತೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಕಾರು ಮನೆ ಹಿಂದಿನ ತೆಂಗಿನ ಮರದಡಿ, ತಗಡಿನ ಶೆಡ್ಡಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದೆ. ಮಗ ದಮ್ಮಾಮಿನಲ್ಲಿದ್ದಾನೆ. ಮನೆಯಲ್ಲಿ ಉಮ್ಮ ಮತ್ತು ಸೊಸೆ ಇಬ್ಬರೇ. ಹೇಳಿದ ಬೆಲೆ 1,80,000 ರೂಪಾಯಿ.

ಹೊರಡುವ ಮೊದಲು ಸೋದರಳಿಯ ತನ್ನ ಪುಸ್ತಕ ತೋರಿಸಿದ. ಕಾರಿನಿಂದ ಕಳಚಬಹುದಾದ 43 ಸಾಮಾನುಗಳನ್ನು ಬರೆದು ಎದುರಿಗೆ ಬೆಲೆ ಹಾಕಿದ್ದ. ಒಟ್ಟು 3,70,000. "ಅರ್ಧಕ್ಕರ್ಧ ಲಾಭ ಮಾಮ" ಅಂದ. ಈ ಹಣ ಚೀಟಿಯಲ್ಲಿ ಎತ್ತಿದ್ದು ಎಂಬುದನ್ನು ದಾರಿಯಲ್ಲಿ ಹೇಳಿದ. ಆಗ ನನಗೆ ಸ್ವಲ್ಪ ಬಿಸಿ ತಾಗಿತು.

ಕಾರು ನೋಡಿದರೆ ಅಯ್ಯೋ ಅನಿಸುವ ಹಾಗಿತ್ತು. ಹುಡ್‌ನ ಕ್ಯಾನ್ವಾಸ್ ಚಿಂದಿಯಾಗಿ, ಸೀಟಿನೊಳಗೆ ಇಲಿಯ ಸಂಸಾರ. ನಾಲ್ಕೂ ಟೈರು ನೆಲಕ್ಕೆ ಅಂಟಿತ್ತು. ಫೈಬರ್ ಬಾಡಿಗೆ ತುಕ್ಕು ಹಿಡಿಯುವುದಿಲ್ಲ, ಅದಕ್ಕೇ ಜನ ಮೋಸ ಹೋಗುವುದು. ಮೇಲೆ ತೊಳೆದರೆ ಹೊಳೆಯುತ್ತದೆ, ಅಡಿಯ ಕಬ್ಬಿಣ ಮಾತ್ರ ತನ್ನ ಪಾಡಿಗೆ ತಾನು ಕರಗುತ್ತಿರುತ್ತದೆ. ನಮ್ಮ ಹುಡುಗ ಜಾಕ್ ಹಾಕಿ, ಮರದ ದಿಮ್ಮಿ ಕೊಟ್ಟು, ಅಡಿಗೆ ಹೋಗಿ ಸ್ಕ್ರೂಡ್ರೈವರ್‌ನಿಂದ ಕುಟ್ಟಿ ಕುಟ್ಟಿ ನೋಡಿದ. ಗಟ್ಟಿ ಇರುವಲ್ಲಿ ಠಣ್ ಎನ್ನುತ್ತದೆ. ಶೆಡ್ಡಿನ ಹೊರಗೆ ಉಳಿದು ಮಳೆ ತಿಂದ ಹಿಂಭಾಗದಲ್ಲಿ ಬಲಗಡೆ ಸ್ಕ್ರೂಡ್ರೈವರ್ ಒಳಗೇ ಹೋಯಿತು.

ಬಾಡಿಯ ಬಿರುಕಿನ ಬಗ್ಗೆ ಅವನಿಗೆ ಹೆದರಿಕೆ ಇತ್ತು, ನನಗಿರಲಿಲ್ಲ. ಮಲ್ಪೆಯಲ್ಲಿ, ಉಳ್ಳಾಲದಲ್ಲಿ ಫೈಬರ್ ದೋಣಿ ಒಡೆದರೆ ಮ್ಯಾಟ್ ಇಟ್ಟು ರೆಸಿನ್ ಹಾಕಿ ಸರಿ ಮಾಡುತ್ತಾರಲ್ಲ, ಇದೂ ಅದೇ ಕೆಲಸ. ಬಣ್ಣದ ಮೇಲೆ ಜೇಡನ ಬಲೆಯಂತೆ ಕಾಣುವ ಸಣ್ಣ ಗೆರೆಗಳಿಗೆ ಚಿಂತೆ ಬೇಡ. ಬಾಡಿಯನ್ನು ಚಾಸಿಗೆ ಬಿಗಿಯುವ ಬೋಲ್ಟಿನ ಸುತ್ತ, ಬಾಗಿಲ ಹಿಂಜ್ ಕೂರುವ ಜಾಗದಲ್ಲಿ ಒಡೆದಿದ್ದರೆ ಮಾತ್ರ ಕಷ್ಟ. ಬಲಬಾಗಿಲ ಹಿಂಜ್ ಗಟ್ಟಿಯಾಗಿಯೇ ಇತ್ತು.

ಎಂಜಿನ್ ನೋಡುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆದು ಬಿಡುತ್ತಾರೆ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ಸಿಲಿಂಡರಿಗೆ ಹಿಡಿದುಕೊಂಡಿರುತ್ತದೆ, ಟೈಮಿಂಗ್ ಬೆಲ್ಟ್ ಒಣಗಿ ಬಿರುಕು ಬಿಟ್ಟಿರುತ್ತದೆ. ಒಂದೇ ಏಟಿಗೆ ಉಳಿದದ್ದೂ ಹಾಳು. ಇವನು ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದ. ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದರ್ಥ. ಇದು ಕಪ್ಪಗೇ ಇತ್ತು. ನಾಲ್ಕೂ ಪ್ಲಗ್ ಬಿಚ್ಚಿ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು, "ಈಗ ಊಟ ಮಾಡುವ" ಅಂದ. ಉಮ್ಮ ಅಷ್ಟರಲ್ಲಿ ಪತ್ತಿರಿ ಮಾಡಿಸಿದ್ದರು. ತುಮಕೂರು ಸೀಮೆಯಲ್ಲಿ ಮುದ್ದೆ ತಿಂದು ತಿಂದು ಬೇಸತ್ತ ಅಳಿಯನಿಗೆ ಅಂದು ಹಬ್ಬ. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಕೊಟ್ಟು ಮೆಲ್ಲನೆ ತಿರುಗಿಸಿದ. ತಿರುಗಿತು!

ತಿರುಗಿದ್ದೇ ತಡ, ಹುಡುಗನ ಮನಸ್ಸೂ ತಿರುಗಿತು. "ಮಾಮ, ಇದನ್ನೇ ಎಬ್ಬಿಸಿದ್ರೆ ಹೇಗೆ? ಗುಬ್ಬಿಯದ್ದನ್ನು ಕಳಚುವ."

ಹಳೆ ಕಾರಿನ ಹುಚ್ಚಿನಲ್ಲಿ ದುಡ್ಡು ಕಳೆದುಕೊಳ್ಳುವುದು ಈ ಗಳಿಗೆಯಲ್ಲೇ. ಎಂಜಿನ್ ತಿರುಗಿದರೆ ಕಾರು ಬದುಕಿದೆ ಅನಿಸುತ್ತದೆ. ಆದರೆ ಎರಡು ಕಾರುಗಳಲ್ಲಿ ಯಾವುದು ಉಳಿಯಬೇಕು ಎಂದು ಹೇಳಬೇಕಾದದ್ದು ಚಾಸಿ ಮತ್ತು ಆರ್‌ಸಿ. ಗುಬ್ಬಿಯ ಕಾರಿನ ಚಾಸಿ ಗಟ್ಟಿ ಇದೆ, ನೋಂದಣಿ ನವೀಕರಿಸಿದ್ದಾರೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಕುಣಿಗಲ್‌ನ ಕಾರಿನ ಚಾಸಿ ಕೊಳೆತಿದೆ, ಆರ್‌ಸಿ ಅವಧಿ ಮುಗಿದಿದೆ, ಹೆಸರು ತೀರಿಕೊಂಡವರದ್ದು. "ನಂಬರ್ ಪ್ಲೇಟ್ ಬದಲಾಯಿಸಿದ್ರೆ ಯಾರಿಗೆ ಗೊತ್ತಾಗ್ತದೆ" ಎನ್ನುವವರು ಗ್ಯಾರೇಜುಗಳಲ್ಲಿ ಇದ್ದೇ ಇರುತ್ತಾರೆ. ಒಂದರ ಗುರುತನ್ನು ಇನ್ನೊಂದಕ್ಕೆ ಹಾಕುವುದು ನೇರ ಅಪರಾಧ. ಎಂಜಿನ್ ಮಾತ್ರ ಬದಲಾಯಿಸಿದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದನ್ನು ಆರ್‌ಸಿಯಲ್ಲಿ ಸೇರಿಸಿಕೊಳ್ಳಬೇಕು.

ಹುಡುಗ ಸುಮ್ಮನಾದ. ಪುಸ್ತಕ ತೆಗೆ ಅಂದೆ.

ಆ 43 ಸಾಮಾನುಗಳ ಪಟ್ಟಿಯಲ್ಲಿ ಇವತ್ತು ಕೊಳ್ಳುವವನು ಹೆಸರು ಹಿಡಿದು ಇರುವಂಥದ್ದು ಯಾವುದು ಎಂದು ಕೇಳಿದೆ. ಮುಂದಿನ ಗಾಜು, ಬಲಬಾಗಿಲು, ಹುಡ್‌ನ ಕಬ್ಬಿಣದ ಫ್ರೇಮ್, ಗೇರ್ ಬಾಕ್ಸ್. ಅಷ್ಟೇ. ನಾಲ್ಕಕ್ಕೂ ಸೇರಿಸಿ ಗುಬ್ಬಿಯವರು 1,30,000 ಕೊಡಲು ಒಪ್ಪಿದ್ದರು. ಉಳಿದ 39 ಸಾಮಾನಿಗೆ ನಾನು ಗೆರೆ ಎಳೆದೆ. ಅವು ಮುಂದೆ ಯಾವತ್ತೋ ಹೋದರೆ ಹೋಗಲಿ, ಲೆಕ್ಕಕ್ಕೆ ಸೊನ್ನೆ. ಆ ಕಾಲದಲ್ಲಿ ರೆನೋ ಕಾರು ನಮ್ಮ ದೇಶದಲ್ಲಿ ಮಾರಾಟಕ್ಕೇ ಇರಲಿಲ್ಲ. ಇದೇ ಎಂಜಿನ್ ಯುರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿ ಬಂದಿದೆ, ಹಾಗಾಗಿ ಹೊರಗಿನಿಂದ ತರಿಸಿಕೊಳ್ಳಲು ದಾರಿ ಇದೆ. ಗಾಜಿಗೆ, ಬಾಗಿಲಿಗೆ ಆ ದಾರಿ ಇಲ್ಲ. ಅವು ಸ್ಟಾರ್ಮಿಗೆ ಮಾತ್ರ ಕೂರುವಂಥವು. ಜನ ಮೊದಲು ಎಂಜಿನ್‌ಗೆ ಬೆಲೆ ಕಟ್ಟುತ್ತಾರೆ, ಇಲ್ಲಿ ಬೆಲೆ ಇರುವುದು ಗಾಜಿಗೆ.

ಆಮೇಲೆ ಖರ್ಚು. ಟೋಯಿಂಗ್ ಲಾರಿಗೆ 9,000. ಬೆಂಗಳೂರಿನಿಂದ ಗಾಜು ಬಿಚ್ಚುವವನನ್ನು ಕರೆಸಲು 6,000. ಕಳಚಿದ ಕಾರು ಇಡುವ ಜಾಗಕ್ಕೆ ತಿಂಗಳಿಗೆ 2,000ದಂತೆ ಒಂದು ವರ್ಷಕ್ಕೆ 24,000. ಕಾಗದಪತ್ರದ ಓಡಾಟಕ್ಕೆ 6,000. ಒಟ್ಟು 45,000. ಉಳಿಯುವುದು 85,000. ಅದರಲ್ಲಿ ಅವನ ಕೂಲಿ ಎಂದು 20,000 ತೆಗೆದರೆ, ಈ ಕಾರಿಗೆ ಅವನು ಕೊಡಬಹುದಾದದ್ದು 65,000.

ಎಲ್ಲ ಹಳೆ ಕಾರಿಗೂ ಇದೇ ಲೆಕ್ಕ ಹಿಡಿಯುವುದಿಲ್ಲ. ಬ್ರಿಟನ್ನಿನ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೆರಾಲ್ಡ್ ಕಾರಿನ ಅಡಿಪಾಯದ ಮೇಲೆ ಹುಟ್ಟಿದ್ದು. ಅದೇ ಹೆರಾಲ್ಡ್ ನಮ್ಮ ಮದ್ರಾಸಿನಲ್ಲಿ ಸ್ಟಾಂಡರ್ಡ್ ಹೆಸರಿನಲ್ಲಿ ತಯಾರಾಗುತ್ತಿತ್ತು. ಸ್ಪಿಟ್‌ಫೈರ್‌ನ ಬಹಳಷ್ಟು ಸಾಮಾನು ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತದೆ. ಅಲ್ಲಿ ಒಂದು ಕಾರನ್ನು ಕಳಚಲು ಕೊಳ್ಳುವವನು ಹೊಸ ಸಾಮಾನಿನ ಬೆಲೆಯ ಜೊತೆ ಹೋಲಿಸಿ ನೋಡಬಹುದು. ನಮ್ಮ ಬೆಂಗಳೂರಿನ ಸಿಪಾನಿ ಡಾಲ್ಫಿನ್, 1982ರಲ್ಲಿ ಬಂದ ಅದೂ ಫೈಬರ್ ಬಾಡಿಯದ್ದೇ, ಇವತ್ತು ಸ್ಟಾರ್ಮಿನ ಗತಿಯಲ್ಲೇ ಇದೆ. ಹೊಸ ಸಾಮಾನಿನ ಬೆಲೆ ಎಂಬುದೇ ಇಲ್ಲದ ಕಡೆ, ಬೇಕೆಂದವನ ಬಾಯಿಂದ ಬಂದ ಮಾತೇ ಬೆಲೆ.

ಇಷ್ಟೆಲ್ಲ ಆದ ಮೇಲೆ ಗಾಜನ್ನು ಇನ್ನೊಮ್ಮೆ ನೋಡಿದೆವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು, ಅಂಗುಲ ಅಂಗುಲ. ಇದು ಎರಡು ಪದರದ ಗಾಜು; ಅಂಚಿನಲ್ಲಿ ನೀರು ಇಳಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಡಮೂಲೆಯಲ್ಲಿ ಬೆರಳಗಲ ಬಿಳಿ ಇತ್ತು, ಅದಕ್ಕೆ ತೊಂದರೆ ಇಲ್ಲ. ಬಿರುಕು ಒಂದೂ ಇರಲಿಲ್ಲ.

ಅಂಗಳಕ್ಕೆ ಬರುವ ಮುಂಚೆ ನಮ್ಮಿಬ್ಬರಿಗೆ ಸಣ್ಣ ಜಗಳವಾಯಿತು. ಗಾಜಿನ ಸಂಗತಿ ಹೇಳಬೇಡ, "ಎಲ್ಲ ಗುಜರಿ" ಅಂದು 50,000ದಿಂದ ಮಾತು ಶುರು ಮಾಡು ಎಂದೆ. ನಾನು ಅಂಗಡಿಯಲ್ಲಿ ಕಲಿತದ್ದು ಅದೇ. ಅವನು ಒಪ್ಪಲಿಲ್ಲ. "ಆ ಉಮ್ಮನಿಗೆ ಕಾರಿನ ವಿಷಯ ಗೊತ್ತಿಲ್ಲ ಮಾಮ. ನಾಳೆ ಗುಬ್ಬಿಯಲ್ಲಿ ಇದರ ಗಾಜಿಗೆ ಎಷ್ಟು ಬಂತು ಎಂದು ದಮ್ಮಾಮಿಗೆ ಸುದ್ದಿ ಹೋಗುವುದಿಲ್ಲವಾ? ನಾಳಿದ್ದು ಮದುವೆಯಲ್ಲಿ ಎದುರಾದರೆ ನಾನು ಮುಖ ಎಲ್ಲಿ ಇಡುವುದು?"

ಒಳಗೆ ಕೂತು ಪುಸ್ತಕವನ್ನೇ ಅವರ ಮುಂದಿಟ್ಟ. ಅಷ್ಟು ಹೊತ್ತು ಕನ್ನಡದಲ್ಲಿದ್ದ ಮಾತು ಬ್ಯಾರಿಗೆ ತಿರುಗಿತು. ಉಮ್ಮ ಓದಲಿಲ್ಲ, ಸೊಸೆ ಓದಿ ಹೇಳಿದಳು. 1,80,000 ಎಂಬ ಬೆಲೆ ಎಲ್ಲಿಂದ ಬಂತೆಂದೂ ಆಗ ತಿಳಿಯಿತು: ಯಾರೋ ನೆಂಟರು "ವಿಂಟೇಜ್ ಕಾರು, ಬಿಡಬೇಡಿ" ಎಂದಿದ್ದರು. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ್ದು ಮಾತ್ರ ವಿಂಟೇಜ್. ಅದಕ್ಕೆ ವಿಎ ಅಕ್ಷರದ ಬೇರೆಯೇ ನಂಬರು, ಹೊಸ ನೋಂದಣಿಗೆ 20,000 ಶುಲ್ಕ. ಸ್ಟಾರ್ಮಿಗೆ ಇನ್ನೂ ಮೂವತ್ತೂ ಆಗಿಲ್ಲ. ಇನ್ನೊಂದು ಕಡೆ ಗುಜರಿಯವನೊಬ್ಬ 22,000ಕ್ಕೆ ಕೇಳಿದ್ದನಂತೆ, "ಕಾಗದ ಏನೂ ಬೇಡ, ರಾತ್ರಿ ಬಂದು ಎತ್ತುತ್ತೇನೆ" ಎಂದು.

ಕಾಗದ ಬೇಡ ಎನ್ನುವವನಿಂದ ಕೊಡುವವರೇ ದೂರ ಇರಬೇಕು. ಆ ಚಾಸಿ ನಂಬರು ನಾಳೆ ಯಾವುದೋ ಕಳ್ಳ ಕಾರಿನ ಮೇಲೆ ಕೂತರೆ ಪೊಲೀಸರು ಬರುವುದು ಆರ್‌ಸಿಯ ವಿಳಾಸಕ್ಕೆ. ಓಡುವ ಕಾರಾಗಿದ್ದರೆ ವಾರಸುದಾರರು ಫಾರಂ 31 ಕೊಟ್ಟು ಹೆಸರು ಬದಲಾಯಿಸಿಕೊಳ್ಳಬಹುದಿತ್ತು. ಇದು ಇನ್ನು ರಸ್ತೆಗೆ ಇಳಿಯದ ಕಾರು, ಹಾಗಾಗಿ ಕಾಯ್ದೆಯ 55ನೇ ಸೆಕ್ಷನ್‌ನಲ್ಲಿ ನೋಂದಣಿ ರದ್ದು ಮಾಡಿಸುವುದು ಸರಿಯಾದ ದಾರಿ. ಕಾರು ಬೆಂಗಳೂರಿನ ನಂಬರಿನದ್ದಾದರೂ, ಅದು ಈಗ ಇರುವ ಜಾಗದ ಆರ್‌ಟಿಒಗೆ ಆರ್‌ಸಿ ಸಮೇತ ಅರ್ಜಿ ಕೊಟ್ಟರೆ ಅವರೇ ಮೂಲ ಕಚೇರಿಗೆ ಕಳಿಸುತ್ತಾರೆ. ಜೊತೆಗೆ ಮರಣ ಪ್ರಮಾಣಪತ್ರ, ವಾರಸುದಾರರೆಲ್ಲರ ಒಪ್ಪಿಗೆ. ಸಾಲದ ನಮೂದು, ಬಾಕಿ ದಂಡ ಇದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಬಹುದು. ಸಾಮಾನು ತೆಗೆದು ಉಳಿದ ಚಾಸಿಯನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಪತ್ರ ಪಡೆಯಬೇಕು. ಏನೇನು ಕಳಚಿದ ಮೇಲೂ ಅವರು ತೆಗೆದುಕೊಳ್ಳುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಉಮ್ಮ ಮಗನಿಗೆ ವೀಡಿಯೊ ಕಾಲ್ ಮಾಡಿದರು. ಅವನು ಪುಸ್ತಕದ ಪುಟ ತೋರಿಸಲು ಹೇಳಿದ, ನೋಡಿದ, ನಕ್ಕ. "ನಿಮ್ಮ ಕೂಲಿ 20,000ದಲ್ಲಿ ಅರ್ಧ ಉಮ್ಮನಿಗೆ ಕೊಡಿ" ಅಂದ. 75,000ಕ್ಕೆ ಮಾತಾಯಿತು. 10,000 ಮುಂಗಡ, ಉಳಿದದ್ದು ರದ್ದತಿ ಪತ್ರ ಕೈಗೆ ಬಂದ ದಿನ. ಗಾಜು ತೆಗೆಯುವಾಗ ಒಡೆದರೆ ನಷ್ಟ ಅಳಿಯನದ್ದು, ಅದನ್ನೂ ಬರೆದೆವು. ನನಗೆ ಅದು ಇಷ್ಟವಾಗಲಿಲ್ಲ, ಆದರೆ ಗ್ಯಾರೇಜು ಅವನದ್ದು, ಚೀಟಿಯೂ ಅವನದ್ದೇ.

ಅರ್ಜಿ ಹೋಗಿ ಮೂರು ವಾರವಾಯಿತು. ಕಾರು ಇನ್ನೂ ಅಲ್ಲೇ ಇದೆ. ಕಳೆದ ಭಾನುವಾರ ಹುಡುಗ ಕುಣಿಗಲ್‌ಗೆ ಹೋಗಿ ಹೊಸ ಟಾರ್ಪಾಲು ಹೊದಿಸಿ, ಗಾಜಿನ ಮೇಲೆ ಹಳೆ ಹಾಸಿಗೆ ಹಾಕಿ ಬಂದನಂತೆ. ಮರ ಹತ್ತುವವನನ್ನು ಕರೆಸಿ ಶೆಡ್ಡಿನ ಮೇಲೆ ಬಾಗಿದ ತೆಂಗಿನ ಮರದ ಕಾಯಿಯನ್ನೆಲ್ಲ ಇಳಿಸಿಯೂ ಆಯಿತು. ಕೂಲಿ ಇವನೇ ಕೊಟ್ಟ, ಕಾಯಿ ಉಮ್ಮನಿಗೆ.