ಮೂಳೆಯ ಕಾಯಿಲೆ, ಹಲ್ಲಿನ ಆರೈಕೆ

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಇರುವ ಮಗುವನ್ನು ಎತ್ತಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಕಂಕುಳಿಗೆ ಕೈಹಾಕಿ ಮೇಲೆತ್ತುವಂತಿಲ್ಲ, ಕೈಕಾಲು ಹಿಡಿದು ಎಳೆಯುವಂತಿಲ್ಲ. ಮೂಳೆ ಅಷ್ಟು ಸುಲಭವಾಗಿ ಮುರಿಯುತ್ತದೆ. ಈ ಕ್ರಮ ಅಪ್ಪ ಅಮ್ಮನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಅನುಭವಿ ದಂತವೈದ್ಯರು ಮಗುವನ್ನು ಕುರ್ಚಿಯಲ್ಲಿ ಕೂರಿಸುವ ಕೆಲಸವನ್ನು ಅವರಿಗೇ ಬಿಡುತ್ತಾರೆ.

ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವ ಆನುವಂಶಿಕ ಕಾಯಿಲೆ ಇದು. ಬಹುತೇಕರಲ್ಲಿ ದೋಷವಿರುವುದು ಟೈಪ್ 1 ಕೊಲ್ಯಾಜೆನ್‌ನಲ್ಲಿ. ಮೂಳೆಗೆ ಬೇಕಾದ ಈ ಪ್ರೋಟೀನು ಹಲ್ಲಿನ ಎನಾಮೆಲ್ ಕೆಳಗಿರುವ ಡೆಂಟಿನ್‌ಗೂ ಬೇಕು. ಹಾಗಾಗಿ ಈ ಮಕ್ಕಳಲ್ಲಿ ಹಲವರ ಹಲ್ಲು ಮೂಡುವಾಗಲೇ ಬೂದುನೀಲಿ ಅಥವಾ ಜೇನುಬಣ್ಣಕ್ಕಿರುತ್ತದೆ. ಸರಿಯಾಗಿ ಉಜ್ಜಿಸಿಲ್ಲವೆಂದು ತಾಯಿಯನ್ನು ದೂರುವವರಿದ್ದಾರೆ, ಅದು ಅನ್ಯಾಯ. ಎಷ್ಟು ಉಜ್ಜಿದರೂ ಈ ಬಣ್ಣ ಹೋಗುವುದಿಲ್ಲ. ಮೇಲಿನ ಎನಾಮೆಲ್ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಆದರೆ ಅಡಿಯ ಆಸರೆ ದುರ್ಬಲವಾದ್ದರಿಂದ ಚಕ್ಕೆಯೆದ್ದು ಹೋಗುತ್ತದೆ. ಆಮೇಲೆ ಡೆಂಟಿನ್ ಬೇಗ ಬೇಗ ಸವೆಯುತ್ತದೆ. ಕೆಲವು ಮಕ್ಕಳ ಹಾಲುಹಲ್ಲು ವಸಡಿನ ಮಟ್ಟಕ್ಕೇ ಇಳಿದುಬಿಡುತ್ತವೆ.

ಆದ್ದರಿಂದ ಇಲ್ಲಿ ಕಾಯುವುದು ತಪ್ಪು. ದವಡೆಹಲ್ಲು ಸವೆಯತೊಡಗಿದ ಕೂಡಲೇ ಸ್ಟೀಲ್ ಕ್ಯಾಪ್ ಹಾಕುತ್ತಾರೆ, ಮುಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್. ಬರೀ ಫಿಲ್ಲಿಂಗ್ ಮಾಡಿದರೆ ಸುತ್ತಲಿನ ಎನಾಮೆಲ್ ಒಡೆದು ಅದೂ ಉದುರಬಹುದು. ಹಲ್ಲಿನೊಳಗಿನ ನರದ ಜಾಗ ವರ್ಷ ಕಳೆದಂತೆ ಮುಚ್ಚಿಹೋಗುವುದರಿಂದ ರೂಟ್ ಕೆನಾಲ್ ಕೂಡ ಕಷ್ಟ. ಹಲ್ಲು ಕೀಳಲೇಬೇಕಾದರೆ ಒಂದು ಕೈ ದವಡೆಗೆ ಆಸರೆಯಾಗಿರಬೇಕು, ಕತ್ತನ್ನು ಹಿಂದಕ್ಕೆ ಬಾಗಿಸಬಾರದು. ಬಿ.ಪಿ. ನೋಡಲು ತೋಳಿಗೆ ಸುತ್ತುವ ಪಟ್ಟಿಯೂ ಜೋರಾಗಿ ಬಿಗಿದರೆ ಅಪಾಯವೇ.

1998ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಶ್ರೈನರ್ಸ್ ಮಕ್ಕಳ ಆಸ್ಪತ್ರೆಯ ಫ್ರಾನ್ಸಿಸ್ ಗ್ಲೋರಿಯೂ ಮತ್ತು ಸಂಗಡಿಗರು, ಕಾಯಿಲೆ ತೀವ್ರವಾಗಿದ್ದ 30 ಮಕ್ಕಳಿಗೆ ಡ್ರಿಪ್ ಮೂಲಕ ಪಾಮಿಡ್ರೊನೇಟ್ ಎಂಬ ಮೂಳೆಯ ಔಷಧಿ ಕೊಟ್ಟದ್ದರ ಫಲಿತಾಂಶ ಪ್ರಕಟಿಸಿದರು. ಮೂಳೆ ಗಟ್ಟಿಯಾಗಿತ್ತು, ಮುರಿತ ಕಡಿಮೆಯಾಗಿತ್ತು. ಈ ಗುಂಪಿನ ಔಷಧಿ ಪಡೆವ ವಯಸ್ಕರಲ್ಲಿ ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಕೊಳೆಯುವ ತೊಂದರೆ ಕಂಡಿದೆ. ಈ ಮಕ್ಕಳಲ್ಲಿ ಆ ಭಯ ಇದುವರೆಗೆ ನಿಜವಾಗಿಲ್ಲ. ಆದರೂ ಕೀಳಬೇಕಾದ ಹಲ್ಲಿದ್ದರೆ ಔಷಧಿಗೆ ಮೊದಲೇ ಕೀಳಿಸುವುದು ಜಾಣತನ. ಮೂಳೆಯ ವೈದ್ಯರೂ ದಂತವೈದ್ಯರೂ ಒಬ್ಬರನ್ನೊಬ್ಬರು ಕೇಳದೆ ಮುಂದುವರಿಯಬಾರದು.

ಇಂಥ ಮಗು ಮನೆಯಲ್ಲಿದ್ದರೆ ನೋವು ಬರಲೆಂದು ಕಾಯಬೇಡಿ. ಮೊದಲ ಹುಟ್ಟುಹಬ್ಬದೊಳಗೆ ಮಕ್ಕಳ ದಂತವೈದ್ಯರಿಗೆ ತೋರಿಸಿ. ಮುರಿತಗಳ ವಿವರ, ಕೊಡುತ್ತಿರುವ ಔಷಧಿಯ ಚೀಟಿ ಜೊತೆಗಿರಲಿ. ಮಗುವನ್ನು ಹೇಗೆ ಹಿಡಿಯಬೇಕೆಂದು ವೈದ್ಯರಿಗೆ ಹೇಳಿಕೊಡಲು ಹಿಂಜರಿಯಬೇಡಿ.